ಹಡಗು ಬಂದರೆ ಸರಿದು ನಿಲ್ಲುವ ಸೇತುವೆ: ವಿಲ್ಲೆಮ್‌ಸ್ಟಾಡ್‌ನ ಕ್ವೀನ್ ಎಮ್ಮಾ

ಕೆರಿಬಿಯನ್ ಸಮುದ್ರದಲ್ಲಿರುವ, ಡಚ್ ದೊರೆತನಕ್ಕೆ ಸೇರಿದ ಕುರಸಾವೊ ದ್ವೀಪದ ರಾಜಧಾನಿ ವಿಲ್ಲೆಮ್‌ಸ್ಟಾಡ್. ಅಲ್ಲಿನ ಕ್ವೀನ್ ಎಮ್ಮಾ ತೇಲುಸೇತುವೆಗೆ ಅಂಕ ಕೊಡುವವರಲ್ಲಿ ಎರಡು ಗುಂಪು. ಸಲೀಸಾಗಿ ದಾಟಿದವರು ಐದಕ್ಕೆ ಐದು ಕೊಟ್ಟು ‘ಫೋಟೋ ಚೆನ್ನಾಗಿ ಬರುತ್ತೆ’ ಅಂತ ಬರೆದು ಮುಗಿಸುತ್ತಾರೆ. ಗೇಟಿನ ಮುಂದೆ ಸಿಕ್ಕಿಹಾಕಿಕೊಂಡವರು ‘ಟೈಮ್‌ಟೇಬಲ್ಲೇ ಇಲ್ಲ’ ಅಂತ ಸಿಟ್ಟಾಗಿ ಒಂದು ಅಂಕ ಒಗೆದು ಹೋಗುತ್ತಾರೆ. ಇಬ್ಬರೂ ಗಮನಿಸದ ಸಂಗತಿ ಅಂದರೆ, ಇಲ್ಲಿ ಮೊದಲ ಹಕ್ಕು ಹಡಗಿನದು, ಕಾಲ್ನಡಿಗೆಯವರದು ಆಮೇಲೆ. ಅದನ್ನು ಒಪ್ಪಿಕೊಂಡು ಅಳೆದರೆ ಇದು ಬಹಳ ಒಳ್ಳೆಯ ಸೇವೆ. ಮಾಮೂಲಿ ಸೇತುವೆ ಅಂದುಕೊಂಡು ಹೋದರೆ ತಲೆ ಕೆಡುತ್ತದೆ.

ಜಾಗದ ಲೆಕ್ಕ ಮೊದಲು ಸ್ಪಷ್ಟವಾಗಲಿ. ಸಮುದ್ರದಿಂದ ಸೇಂಟ್ ಆನಾ ಬೇ ಎಂಬ ಕಿರಿದಾದ ಕಾಲುವೆ ಒಳಗೆ ಹೋಗಿ ಸ್ಕಾಟೆಗಾಟ್ ಎಂಬ ದೊಡ್ಡ ಒಳಬಂದರಿಗೆ ತೆರೆದುಕೊಳ್ಳುತ್ತದೆ. ಕಾಲುವೆಯ ಪೂರ್ವ ದಡದಲ್ಲಿ ಪುಂಡಾ, ಪಶ್ಚಿಮ ದಡದಲ್ಲಿ ಓಟ್ರೊಬಾಂಡಾ. ಊರಿನ ಎರಡು ಹಳೆಯ ಭಾಗಗಳು ಇವೇ. ಬಂದರಿನ ವ್ಯಾಪಾರವೆಲ್ಲ ಈ ಕಾಲುವೆಯೊಳಗಿಂದಲೇ ಹಾದುಹೋಗಬೇಕು, ಊರಿನ ಜನವೆಲ್ಲ ಇದರ ಮೇಲಿಂದಲೇ ದಾಟಬೇಕು. ಕಂಬ ನೆಟ್ಟು ತಗ್ಗಿನಲ್ಲಿ ಸೇತುವೆ ಕಟ್ಟಿದರೆ ಬಂದರು ಸತ್ತಿತು. ಹಡಗಿನ ಕೂವೆಮರ ತಗುಲದಷ್ಟು ಎತ್ತರಕ್ಕೆ ಕಟ್ಟುವ ದುಡ್ಡಾಗಲಿ ತಂತ್ರವಾಗಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿ ಇರಲಿಲ್ಲ. ಉಳಿದ ದಾರಿ ಒಂದೇ, ತೇಲಿಸುವುದು. 1888ರಲ್ಲಿ ಈ ಕೆಲಸ ಮಾಡಿಸಿದವನು ಲಿಯೊನಾರ್ಡ್ ಬರ್ಲಿಂಗ್‌ಟನ್ ಸ್ಮಿತ್. ಅಮೆರಿಕದ ಕಾನ್ಸಲ್ ಆಗಿದ್ದುಕೊಂಡೇ ದ್ವೀಪದಲ್ಲಿ ಒಂದರ ಹಿಂದೊಂದು ಉದ್ಯಮ ಶುರುಮಾಡಿದ ಆಸಾಮಿ. ಹೆಸರು ಮಾತ್ರ ಡಚ್ ದೊರೆ ಮೂರನೆಯ ವಿಲಿಯಂನ ಹೆಂಡತಿ ರಾಣಿ ಎಮ್ಮಾಳದು.

ಉದ್ದ 167 ಮೀಟರ್. ಹಗುರ ಹೆಜ್ಜೆಯಲ್ಲಿ ನಡೆದರೂ ಎರಡು ಎರಡೂವರೆ ನಿಮಿಷದ ದಾರಿ. ಕೆಳಗೆ ಹದಿನೈದು ಹದಿನಾರು ಪೊಂಟೂನ್‌ಗಳು, ಅಂದರೆ ಒಳಗೆ ಟೊಳ್ಳಾದ, ದೋಣಿಯ ಆಕಾರದ ತೇಲುಪೆಟ್ಟಿಗೆಗಳು. ಸುಮಾರು ಹತ್ತು ಹನ್ನೊಂದು ಮೀಟರಿಗೆ ಒಂದರಂತೆ ಅಡ್ಡಲಾಗಿ ನಿಂತಿವೆ. ಅವುಗಳ ಮೇಲೆ ತೊಲೆ, ತೊಲೆಯ ಮೇಲೆ ಮರದ ಹಲಗೆ. ಪೊಂಟೂನಿನ ಮೂತಿ ಕಾಲುವೆಯ ನೀರು ಹರಿಯುವ ದಿಕ್ಕಿಗೇ ಇರುವುದರಿಂದ ನೀರು ಒಂದೊಂದರ ನಡುವಿನ ಸಂದಿಯಲ್ಲಿ ಸರಾಗವಾಗಿ ಹಾಯುತ್ತದೆ. ಸಾಲಾಗಿ ಅಡ್ಡಗೋಡೆಯ ಹಾಗೆ ಜೋಡಿಸಿದ್ದರೆ ಪ್ರವಾಹದ ಒತ್ತಡವೆಲ್ಲ ಸೇತುವೆಯ ಮೈಮೇಲೇ ಬೀಳುತ್ತಿತ್ತು.

ಓಟ್ರೊಬಾಂಡಾ ತುದಿಯಲ್ಲಿ ದೊಡ್ಡ ತಿರುಗಣೆ. ಇನ್ನೊಂದು ತುದಿಯಲ್ಲಿ, ಪುಂಡಾ ಕಡೆ, ಚಿಕ್ಕ ಗೂಡು. ಅದರೊಳಗೆ ಆಪರೇಟರ್. ಅವನ ಕೈಯಲ್ಲಿ ಎರಡು ಡೀಸೆಲ್ ಎಂಜಿನ್‌ಗಳು, ನೀರಿನೊಳಗೆ ಅವಕ್ಕೆ ಸೇರಿದ ಪ್ರೊಪೆಲ್ಲರ್‌ಗಳು. ದೋಣಿಯಲ್ಲಾದರೆ ಪ್ರೊಪೆಲ್ಲರ್ ಉದ್ದಕ್ಕೆ ತಳ್ಳುತ್ತದೆ. ಇಲ್ಲಿ ಸೇತುವೆಯ ಉದ್ದಕ್ಕೆ ಲಂಬವಾಗಿ, ಪಕ್ಕಕ್ಕೆ ತಳ್ಳುವಂತೆ ಕೂರಿಸಿದ್ದಾರೆ. ಎಂಜಿನ್ ಚಾಲೂ ಆದರೆ ಇಡೀ ಸೇತುವೆ ಬಾಗಿಲು ತೆರೆದಂತೆ ತಿರುಗಣೆಯ ಸುತ್ತ ಸರಿದು, ಓಟ್ರೊಬಾಂಡಾ ದಡಕ್ಕೆ ಸಮಾನಾಂತರವಾಗಿ ಒರಗಿಕೊಳ್ಳುತ್ತದೆ.

ಎಂಜಿನ್ ಆ ತುದಿಯಲ್ಲೇ ಯಾಕೆ ಅನ್ನುವುದಕ್ಕೆ ಸರಳ ಲೆಕ್ಕವಿದೆ. ತಿರುಗಣೆಯಿಂದ 167 ಮೀಟರ್ ದೂರದಲ್ಲಿ ಒಂದು ಟನ್ ಬಲ ಹಾಕಿದರೆ ಸಿಗುವ ತಿರುಚುಬಲ 167 ಟನ್-ಮೀಟರ್. ಅಷ್ಟನ್ನೇ ತಿರುಗಣೆಯಿಂದ ಒಂದು ಮೀಟರ್ ದೂರದಲ್ಲಿ ನಿಂತು ಗಿಟ್ಟಿಸಬೇಕಾದರೆ 167 ಟನ್ ಬಲ ಬೇಕು. ಹಾಗಾಗಿ ಇಷ್ಟು ಭಾರಿ ಸೇತುವೆಗೂ ಸಾಧಾರಣ ಎಂಜಿನ್ ಸಾಕು. ಇದಕ್ಕೆ ಬದಲಾಗಿ ತೆರಬೇಕಾದ್ದು ದೂರ. ಕಾಲು ಸುತ್ತು ಹಾಕುವಷ್ಟರಲ್ಲಿ ಗೂಡಿರುವ ತುದಿ ನೀರಿನಲ್ಲಿ ಸುಮಾರು 260 ಮೀಟರ್ ಹಾದಿ ಸವೆಸಿರುತ್ತದೆ.

ತೆರೆಯುವುದಕ್ಕಿಂತ ಮುಚ್ಚುವುದರಲ್ಲಿ ಆಪರೇಟರನ ಕೈಚಳಕ ಕಾಣಿಸುತ್ತದೆ. ಕುರಸಾವೊದಲ್ಲಿ ವರ್ಷದ ಬಹುಪಾಲು ಪೂರ್ವದ ಕಡೆಯಿಂದ ವಾಣಿಜ್ಯ ಮಾರುತ ಬೀಸುತ್ತಲೇ ಇರುತ್ತದೆ. ತೆರೆದು ದಡಕ್ಕೆ ಒರಗಿದಾಗ ಸೇತುವೆಯ ಪೂರ್ತಿ ಪಕ್ಕೆ ಆ ಗಾಳಿಗೆ ಒಡ್ಡಿಕೊಂಡಿರುತ್ತದೆ, ಗಾಳಿ ಅದನ್ನು ಓಟ್ರೊಬಾಂಡಾ ಕಡೆಗೇ ಒತ್ತುತ್ತದೆ. ಅಲ್ಲಿಂದ ಬಿಡಿಸಿಕೊಂಡು ಹೊರಡಲು ಜೋರು ಬೇಕು. ಆದರೆ ಪುಂಡಾ ಹತ್ತಿರ ಬಂದಂತೆ ಗಾಳಿಗೆ ಒಡ್ಡಿದ ಮೈ ಕಡಿಮೆಯಾಗುತ್ತ ಹೋಗುತ್ತದೆ, ಮೈಗೂಡಿಸಿಕೊಂಡ ವೇಗ ಹಾಗೇ ಉಳಿದಿರುತ್ತದೆ. ನೀರಿನ ಮೇಲಿನ ಇಂಥ ಭಾರಕ್ಕೆ ಬ್ರೇಕ್ ಇಲ್ಲ. ದಡ ಮುಟ್ಟುವ ಮುಂಚೆಯೇ ಎಂಜಿನ್ ಇಳಿಸಿ, ಬೇಕಾದರೆ ಉಲ್ಟಾ ಓಡಿಸಿ, ತೆವಳುವ ವೇಗಕ್ಕೆ ತರಬೇಕು. ಮುಂಚೆ ಇಳಿಸಿದರೆ ಅರ್ಧದಲ್ಲೇ ನಿಂತು ತೇಲಾಡುತ್ತದೆ, ತಡವಾದರೆ ದಡಕ್ಕೆ ಗುದ್ದುತ್ತದೆ. ಗೇಟಿನ ಬಳಿ ಕಾಯುತ್ತ ಮೊಬೈಲ್ ನೋಡುವವರು ಕೊನೆಯ ಹತ್ತು ಮೀಟರಿನ ಹೊತ್ತಿಗಾದರೂ ತಲೆ ಎತ್ತಿ ನೋಡುವುದು ಒಳ್ಳೆಯದು. ಪುಕ್ಕಟೆ ಪ್ರದರ್ಶನ ಅದು.

ಬಳಸುವವರಿಗೆ ಬೇಕಾದ ಮುಖ್ಯ ಜ್ಞಾನ ಬಾವುಟದ್ದು. ತೆರೆಯುವ ಮುನ್ನ ಗಂಟೆ ಬಾರಿಸಿ ಎಚ್ಚರಿಕೆ ಕೊಟ್ಟು ಗೇಟು ಹಾಕುತ್ತಾರೆ. ಸೇತುವೆಯ ಮೇಲೆ ಬಾವುಟ ಏರುತ್ತದೆ. ಕಿತ್ತಳೆ ಬಾವುಟವಾದರೆ ಸ್ವಲ್ಪ ಹೊತ್ತಿನ ಕೆಲಸ. ಸಣ್ಣ ದೋಣಿಯೋ, ದೊಡ್ಡ ಹಡಗನ್ನು ಎಳೆಯುವ ಟಗ್ಗೋ ಹಾದುಹೋಗಬೇಕು, ಸೇತುವೆಯನ್ನು ಪೂರ್ತಿ ತೆರೆಯದೆ ಬೇಕಾದಷ್ಟೇ ಸಂದಿ ಬಿಡುವುದೂ ಉಂಟು. ನೀಲಿ ಬಾವುಟವಾದರೆ ದೊಡ್ಡ ಹಡಗು, ಹೊತ್ತು ಹಿಡಿಯುತ್ತದೆ. ಕಿತ್ತಳೆ ಕಂಡರೆ ನಿಂತಲ್ಲೇ ನಿಲ್ಲಿ, ನೀಲಿ ಕಂಡರೆ ನೇರ ಫೆರಿಯ, ಅಂದರೆ ಜನರನ್ನು ದಾಟಿಸುವ ದೋಣಿಯ, ಕಡೆ ನಡೆಯಿರಿ. ಈ ಒಂದು ಸೂತ್ರ ಗೊತ್ತಿದ್ದರೆ ಇಂಟರ್ನೆಟ್ಟಿನಲ್ಲಿರುವ ದೂರುಗಳಲ್ಲಿ ಮುಕ್ಕಾಲು ಪಾಲು ಹುಟ್ಟುತ್ತಲೇ ಇರಲಿಲ್ಲ.

ದೊಡ್ಡ ಹಡಗಿಗೆ ಅಷ್ಟು ಹೊತ್ತು ಯಾಕೆ? ಇಕ್ಕಟ್ಟಾದ ಕಾಲುವೆಯಲ್ಲಿ ಟ್ಯಾಂಕರಿಗೆ ಥಟ್ಟನೆ ನಿಲ್ಲಲು ಆಗದು. ಅದು ಬಾಯಿಗೆ ಬರುವ ಮುಂಚೆಯೇ ದಾರಿ ಪೂರ್ತಿ ಬಿಡುವಾಗಿರಬೇಕು. ಹಡಗು ಮೆಲ್ಲಗೆ ಹಾದು, ಜೊತೆಯ ಟಗ್‌ಗಳೂ ದಾಟಿ, ಅವು ಎಬ್ಬಿಸಿದ ಅಲೆ ತಗ್ಗಬೇಕು. ಒಂದರ ಹಿಂದೆ ಇನ್ನೊಂದು ಬರುವುದಿದ್ದರೆ ನಡುವೆ ಮುಚ್ಚಿ ಮತ್ತೆ ತೆರೆಯುವ ಬದಲು ತೆರೆದೇ ಇಟ್ಟಿರುತ್ತಾರೆ. ಹಗಲು ರಾತ್ರಿ ಎಂಬ ಭೇದವೂ ಇಲ್ಲ, ಬಂದರಿಗೆ ಹಡಗು ಬಂದಾಗ ಸೇತುವೆ ತೆರೆಯುತ್ತದೆ. ಟೈಮ್‌ಟೇಬಲ್ ಇಲ್ಲದ್ದಕ್ಕೆ ಕಾರಣ ಇಷ್ಟೆ. ಹಾಗಿದ್ದೂ, ದೂರದಿಂದ ಬರುವವರಿಗೆ ಬಾವುಟದ ಬಣ್ಣ ಬೇಗ ಗುರುತು ಹತ್ತುವುದಿಲ್ಲ. ಅದರಲ್ಲೂ ಎದುರು ಬಿಸಿಲಿದ್ದರೆ ಕಿತ್ತಳೆಯೋ ನೀಲಿಯೋ ತಿಳಿಯಲು ಕಣ್ಣಿಗೆ ಕೈ ಅಡ್ಡ ಹಿಡಿಯಬೇಕು. ಇಲ್ಲಿ ಅರ್ಧ ಅಂಕ ಕಡಿತ.

ತೆರೆದಿದ್ದಾಗ ಓಡುವ ಫೆರಿಗೆ ಸ್ಥಳೀಯರು ‘ಪೊಂಚಿ’ ಅನ್ನುತ್ತಾರೆ. ಟಿಕೆಟ್ ಇಲ್ಲ, ಚಿಲ್ಲರೆ ಹುಡುಕುವ ಗೋಜಿಲ್ಲ. ಎರಡೂ ದಡದಲ್ಲಿ ನಿಲುಗಡೆ ಇದೆ, ಎರಡೂ ಸೇತುವೆಯ ಬುಡದಿಂದ ಸ್ವಲ್ಪ ಒಳಬಂದರಿನ ದಿಕ್ಕಿಗೆ ನಡೆದರೆ ಸಿಗುತ್ತವೆ. ಪ್ರಯಾಣ ಕೆಲವೇ ನಿಮಿಷದ್ದು. ಹೊಸಬರು ಮಾಡುವ ತಪ್ಪು ಎಂದರೆ ಗೇಟಿನ ಮುಂದೆ ಇಪ್ಪತ್ತು ನಿಮಿಷ ನಿಂತು, ಸಾಕಾಗಿ, ಫೆರಿಗೆ ಓಡುವುದು. ಅಷ್ಟರಲ್ಲಿ ಸೇತುವೆ ಮುಚ್ಚಿ, ಫೆರಿ ಕಟ್ಟಿಹಾಕಿರುತ್ತಾರೆ. ನಿರ್ಧಾರ ಮಾಡುವುದಿದ್ದರೆ ಬಾವುಟ ಏರಿದ ಕೂಡಲೇ ಮಾಡಬೇಕು. ದೊಡ್ಡ ಹಡಗು ಹಾದುಹೋಗುವ ಆ ಕ್ಷಣದಲ್ಲಿ ಫೆರಿಯೂ ನಿಂತು ದಾರಿ ಬಿಡಬೇಕಾಗುತ್ತದೆ, ಅದನ್ನು ವಿಳಂಬ ಎಂದು ಬಗೆಯಬಾರದು.

ಇನ್ನೊಂದು ಪ್ರಶ್ನೆ ಎಲ್ಲರೂ ಕೇಳುತ್ತಾರೆ: ನಡುವೆ ಇರುವಾಗಲೇ ಗಂಟೆ ಬಾರಿಸಿದರೆ? ಗಾಬರಿ ಬೇಡ, ಓಡುವುದೂ ಬೇಡ. ಮೇಲಿದ್ದವರನ್ನು ಹೊತ್ತುಕೊಂಡೇ ಸೇತುವೆ ಸರಿಯುತ್ತದೆ, ಎಷ್ಟೋ ಜನ ಇದಕ್ಕಾಗಿಯೇ ಕಾದು ನಿಂತಿರುತ್ತಾರೆ. ಕಂಬಿಯ ಬದಿ ಹಿಡಿದು ನಿಲ್ಲಿ. ಗೂಡಿರುವ ತುದಿಗೆ ಹತ್ತಿರವಿದ್ದಷ್ಟೂ ಸವಾರಿ ಉದ್ದ, ತಿರುಗಣೆಯ ಕಡೆ ನಿಂತರೆ ಕದಲಿದ್ದೇ ತಿಳಿಯದು. ಮಾಡಬಾರದ ಕೆಲಸ ಒಂದೇ, ತುದಿ ದಡದಿಂದ ಬಿಡುವಾಗ ಅಥವಾ ದಡಕ್ಕೆ ಸೇರುವಾಗ ಸಂದಿ ಹಾರುವುದು. ಒಂದಡಿ ಸಂದಿ ಕಣ್ಣೆದುರೇ ಒಂದು ಮೀಟರ್ ಆಗುತ್ತದೆ, ಕೆಳಗೆ ಹಡಗು ಹೋಗುವಷ್ಟು ಆಳದ ನೀರು. ಮತ್ತೆ ಮುಚ್ಚುವವರೆಗೂ ಮೇಲೇ ಇರಬೇಕಾಗಬಹುದು ಎಂದು ಲೆಕ್ಕ ಹಾಕಿಕೊಂಡೇ ನಿಲ್ಲಿ. ನೀಲಿ ಬಾವುಟದ ಹೊತ್ತಿನಲ್ಲಿ, ಮಟಮಟ ಮಧ್ಯಾಹ್ನ, ಟೋಪಿಯೂ ನೀರೂ ಇಲ್ಲದೆ ಸಿಕ್ಕಿಕೊಂಡರೆ ಅದರ ಮಜಾ ಬೇಗ ಇಳಿಯುತ್ತದೆ. ಸೇತುವೆಯ ಮೇಲೆ ನೆರಳೆಂಬುದೇ ಇಲ್ಲ. ಮೇಲಿರುವ ಕಮಾನುಗಳು ರಾತ್ರಿ ದೀಪಕ್ಕೆ ಮಾತ್ರ.

ನಡೆಯುವಾಗಿನ ಅನುಭವಕ್ಕೆ ಬಂದರೆ, ಕಾಲಡಿಯ ಹಲಗೆ ಸಣ್ಣಗೆ ಏರಿ ಇಳಿಯುತ್ತದೆ. ಇದು ಸಡಿಲವಾದ್ದರಿಂದ ಅಲ್ಲ, ತೇಲುವುದರ ಗುಣವೇ ಅದು. 70 ಕಿಲೋ ತೂಕದ ಮನುಷ್ಯ ಹತ್ತಿದರೆ ಪೊಂಟೂನ್ ಇನ್ನೊಂದು 70 ಲೀಟರ್ ನೀರನ್ನು ಸರಿಸುವಷ್ಟು ತಗ್ಗಲೇಬೇಕು. ಉದಾಹರಣೆಗೆ ನೀರಿನ ಮಟ್ಟದಲ್ಲಿ 50 ಚದರ ಮೀಟರ್ ಹರವಿರುವ ಪೆಟ್ಟಿಗೆಯ ಮೇಲೆ ನೂರು ಜನ ಗುಂಪುಗೂಡಿದರೆ, ಅಂದರೆ 7 ಟನ್, ಅದು 14 ಸೆಂಟಿಮೀಟರ್ ಇಳಿಯುತ್ತದೆ. ಅಕ್ಕಪಕ್ಕದ ಪೊಂಟೂನ್‌ಗಳು ತೊಲೆಯ ಮೂಲಕ ಭಾರ ಹಂಚಿಕೊಳ್ಳುವುದರಿಂದ ನಿಜಕ್ಕೂ ಇಳಿಯುವುದು ಇದಕ್ಕಿಂತ ಕಡಿಮೆ. ಕ್ರೂಸ್ ಹಡಗಿನ ಜನ ಒಟ್ಟಿಗೇ ನುಗ್ಗಿ ಒಂದು ಬದಿಯ ಕಂಬಿಗೆ ಒರಗಿ ಫೋಟೋ ತೆಗೆಯುವಾಗ ಸೇತುವೆ ಅತ್ತ ತುಸು ವಾಲಿದಂತೆ ಅನ್ನಿಸುವುದು ಸಹಜ. ಹೆದರುವಂಥದ್ದೇನೂ ಅಲ್ಲ. ಒಂದು ಕಾಲಕ್ಕೆ ಇದರ ಮೇಲೆ ಮೋಟಾರು ಗಾಡಿಗಳೇ ಓಡಾಡುತ್ತಿದ್ದವು.

ಜಾಗ್ರತೆ ಬೇಕಾದ್ದು ಪಾದರಕ್ಷೆಯ ವಿಷಯದಲ್ಲಿ. ಹಲಗೆಗಳ ನಡುವೆ ಸಂದಿ ಇರುತ್ತದೆ, ನೀರು ಇಳಿದುಹೋಗಲಿ ಎಂದು. ಚೂಪು ಹಿಮ್ಮಡಿಯ ಚಪ್ಪಲಿಗೆ ಅದು ಶತ್ರು. ಮಳೆ ಬಿದ್ದ ಹೊಸದರಲ್ಲಿ ಮರ ಜಾರುತ್ತದೆ. ಎರಡೂ ತುದಿಯಲ್ಲಿ ದಡದಿಂದ ತೇಲುವ ಭಾಗಕ್ಕೆ ಇಳಿಯುವ ಇಳಿಜಾರು ತಟ್ಟೆಯ ಬಳಿ ಗಾಲಿಕುರ್ಚಿ, ಮಕ್ಕಳ ತಳ್ಳುಗಾಡಿ ತರುವವರು ನಿಧಾನಿಸಬೇಕು. ಇಲ್ಲಿ ಉಬ್ಬರ ಇಳಿತದ ಅಂತರ ಬಹಳ ಕಡಿಮೆ, ಹಾಗಾಗಿ ಇಳಿಜಾರು ದಿನದಲ್ಲಿ ಅಷ್ಟೇನೂ ಬದಲಾಗುವುದಿಲ್ಲ. ಕೆರಿಬಿಯನ್ನಿನ ಈ ಭಾಗದಲ್ಲಿ ತೇಲುಸೇತುವೆ ಇಷ್ಟು ಕಾಲ ಬಾಳಿದ್ದಕ್ಕೆ ಅದೂ ಒಂದು ಕಾರಣ. ಉಬ್ಬರಕ್ಕೂ ಇಳಿತಕ್ಕೂ ನಾಲ್ಕೈದು ಮೀಟರ್ ವ್ಯತ್ಯಾಸವಿರುವ ಬಂದರಿನಲ್ಲಿ ಇದೇ ವಿನ್ಯಾಸ ಹಾಕಿದ್ದರೆ ತುದಿಯ ತಟ್ಟೆ ದಿನಕ್ಕೆ ನಾಲ್ಕು ಸಲ ಏಣಿಯಾಗುತ್ತಿತ್ತು.

ತೇಲುವುದಕ್ಕೆ ತನ್ನದೇ ಕಾಯಿಲೆಗಳಿವೆ. ಪೊಂಟೂನ್ ಬೇಗ ತುಕ್ಕು ಹಿಡಿಯುವುದು ಯಾವಾಗಲೂ ನೀರೊಳಗೇ ಇರುವ ತಳದಲ್ಲಲ್ಲ, ನೀರಿನ ಗೆರೆಯ ಆಸುಪಾಸಿನಲ್ಲಿ. ಅಲ್ಲಿ ಉಪ್ಪುನೀರು, ಗಾಳಿ, ಬಿಸಿಲು ಸರದಿಯ ಮೇಲೆ ಕೆಲಸ ಮಾಡುತ್ತವೆ. ತಳಕ್ಕೆ ಚಿಪ್ಪುಹುಳು ಅಂಟಿಕೊಂಡು ಬೆಳೆಯುತ್ತದೆ. ಅದರಿಂದ ತೂಕ ಏರುವುದಷ್ಟೇ ಅಲ್ಲ, ಸೇತುವೆ ಸರಿಯುವಾಗ ನೀರಿನ ಎಳೆತವೂ ಹೆಚ್ಚಿ ಎಂಜಿನ್ನಿಗೆ ಹೊರೆ. ಪ್ರೊಪೆಲ್ಲರಿಗೆ ತೇಲುವ ಹಗ್ಗ, ಪ್ಲಾಸ್ಟಿಕ್ ಸುತ್ತಿಕೊಳ್ಳುವುದು ಯಾವ ಬಂದರಿನಲ್ಲೂ ತಪ್ಪದ ರಗಳೆ. ಎರಡು ಎಂಜಿನ್ ಇಟ್ಟುಕೊಳ್ಳುವುದರಿಂದ ಆಗುವ ಲಾಭ ಆಗ ಗೊತ್ತಾಗುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಪೊಂಟೂನಿನ ಒಳಗೆ ಸದ್ದಿಲ್ಲದೆ ನೀರು ಸೇರುವುದು. ಒಂದು ಪೆಟ್ಟಿಗೆ ತಗ್ಗಿದರೆ ಅದರ ಭಾರ ಪಕ್ಕದ್ದಕ್ಕೆ, ಅದು ತಗ್ಗಿದರೆ ಆಚೆಯದಕ್ಕೆ. ಅಮೆರಿಕದ ಸಿಯಾಟಲ್‌ನಲ್ಲಿ 1990ರ ನವೆಂಬರಿನಲ್ಲಿ ಲೇಸಿ ಮರೋ ತೇಲುಸೇತುವೆ ದುರಸ್ತಿಯಲ್ಲಿದ್ದಾಗಲೇ ಮುಳುಗಿದ್ದು ಹೀಗೆ ಪೊಂಟೂನ್‌ಗಳಿಗೆ ನೀರು ತುಂಬಿ. ಕ್ವೀನ್ ಎಮ್ಮಾ ಇವತ್ತಿಗೂ ತೇಲುತ್ತಿರುವುದು ಮೂಲ ಮರ ಕಬ್ಬಿಣದ ಗಟ್ಟಿತನದಿಂದ ಅಂದುಕೊಳ್ಳಬೇಡಿ. 1939, 1961, ಮತ್ತೆ 2005ರಲ್ಲಿ ದೊಡ್ಡ ಪ್ರಮಾಣದ ಕೆಲಸಗಳಾಗಿವೆ. 1888ರದು ಎಂದು ಹೇಳುವುದು ಜಾಗಕ್ಕೂ ವಿನ್ಯಾಸಕ್ಕೂ ಸಲ್ಲುತ್ತದೆ, ಕಾಲಡಿಯ ಹಲಗೆಗೆ ಸಲ್ಲದು. ಗೈಡುಗಳು ಇದನ್ನು ಹೇಳುವುದಿಲ್ಲ.

ದರದ ವಿಚಾರ: ಈಗ ಸೊನ್ನೆ. ಮೊದಲು ಸುಂಕವಿತ್ತು, 1934ರವರೆಗೆ. ಚಪ್ಪಲಿ ಶೂ ತೊಟ್ಟವರಿಗೆ 2 ಸೆಂಟ್, ಬರಿಗಾಲಿನವರಿಗೆ ಉಚಿತ. ಬಡವರಿಗೆ ಹೊರೆಯಾಗಬಾರದು ಎಂಬ ಎಣಿಕೆ. ಉಳ್ಳವರು ಶೂ ಕಳಚಿ ಕೈಯಲ್ಲಿ ಹಿಡಿದು ದಾಟಿದರು, ಇಲ್ಲದವರು ಮಾನಕ್ಕಂಜಿ ಎರವಲು ಶೂ ತೊಟ್ಟು ದುಡ್ಡು ಕೊಟ್ಟು ದಾಟಿದರು ಎಂದು ಊರಲ್ಲಿ ಹೇಳಿಕೊಂಡು ಬಂದಿದ್ದಾರೆ. ನಡೆದಿದೆಯೋ ಇಲ್ಲವೋ, ದರ ನಿಗದಿ ಮಾಡುವ ಅಧಿಕಾರಿಗಳು ಓದಿಕೊಳ್ಳಬೇಕಾದ ಕಥೆಯಂತೂ ಹೌದು.

ವಾಹನಗಳ ಕಥೆ ಬೇರೆ. ಒಳಬಂದರಿಗೆ ತುಸು ಹತ್ತಿರ, ನೀರಿನಿಂದ 56 ಮೀಟರಿಗೂ ಹೆಚ್ಚು ಎತ್ತರದಲ್ಲಿ ಹಾದುಹೋಗುವ ಕ್ವೀನ್ ಜೂಲಿಯಾನಾ ಸೇತುವೆ 1974ರ ಏಪ್ರಿಲ್ 30ರಂದು ತೆರೆಯಿತು. ಕಟ್ಟುವಾಗ 1967ರಲ್ಲಿ ಅದರ ಒಂದು ಭಾಗ ಕುಸಿದು 15 ಜನ ಸತ್ತಿದ್ದರು. ಅದು ಬಂದ ಮೇಲೆ ಎಮ್ಮಾ ಪೂರ್ತಿ ಕಾಲ್ನಡಿಗೆಯವರದಾಯಿತು. ಟ್ಯಾಕ್ಸಿಯಲ್ಲಿ ಹೋಗುವವರು ಮೇಲಿನದನ್ನೇ ಬಳಸುತ್ತಾರೆ, ನಡೆಯುವವರಿಗೆ ಅದು ದಾರಿಯಲ್ಲ. ಹಡಗಿಗೂ ವಾಹನಕ್ಕೂ ಒಟ್ಟಿಗೇ ದಾರಿ ಕೊಡುವ ಎತ್ತರದ ಸೇತುವೆ ಬಂದಮೇಲೂ ತಗ್ಗಿನ ತೇಲುಸೇತುವೆಯನ್ನು ಕಿತ್ತುಹಾಕಲಿಲ್ಲ ಎನ್ನುವುದು ಈ ಊರಿನ ವಿವೇಕ. ಕೋಲ್ಕತ್ತದ ಹೌರಾದಲ್ಲೂ 1874ರಿಂದ ಹಡಗಿಗೆ ನಡುಭಾಗ ಬಿಚ್ಚುವ ತೇಲುಸೇತುವೆ ಇತ್ತು. 1943ರಲ್ಲಿ ಈಗಿನ ಉಕ್ಕಿನ ಸೇತುವೆ ಬಂದಮೇಲೆ ಅದಕ್ಕೆ ಕೆಲಸ ಉಳಿಯಲಿಲ್ಲ. ಇಲ್ಲಿ ಉಳಿದಿದೆ, ಯಾಕೆಂದರೆ ಪುಂಡಾದ ಅಂಗಡಿಗೂ ಓಟ್ರೊಬಾಂಡಾದ ಮನೆಗೂ ನಡುವೆ ನಡೆದೇ ಓಡಾಡುವವರ ಅಗತ್ಯವನ್ನು 56 ಮೀಟರ್ ಎತ್ತರದ ರಸ್ತೆ ತೀರಿಸಲಾರದು. ಹಳೆಯ ಊರೂ ಬಂದರೂ 1997ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು.

ಫೋಟೋದವರಿಗೆ ಎರಡು ಮಾತು. ಪುಂಡಾದ ದಡದಲ್ಲಿರುವ ಹಾಂಡೆಲ್ಸ್‌ಕಾಡೆಯ ಬಣ್ಣದ ಮನೆಗಳ ಸಾಲು ಪಶ್ಚಿಮಕ್ಕೆ ಮುಖ ಮಾಡಿದೆ. ಬೆಳಿಗ್ಗೆ ಅವುಗಳ ಹಿಂದಿನಿಂದ ಸೂರ್ಯ, ಮುಖವೆಲ್ಲ ಕಪ್ಪು. ಮೂರು ಗಂಟೆಯ ನಂತರ ಓಟ್ರೊಬಾಂಡಾ ಕಡೆಯಿಂದ ತೆಗೆದರೆ ಬಣ್ಣ ಸರಿಯಾಗಿ ಸಿಗುತ್ತದೆ. ಸೇತುವೆಯ ಪುಂಡಾ ಬುಡದ ಮೂಲೆಯಲ್ಲಿರುವ ಹಳದಿ ಪೆನ್ಹಾ ಕಟ್ಟಡ 1708ರದು. ಸೇತುವೆಯ ಮೇಲೆ ಟ್ರೈಪಾಡ್ ನಿಲ್ಲಿಸಿ ಹೆಚ್ಚು ಹೊತ್ತಿನ ಎಕ್ಸ್‌ಪೋಷರ್ ಕೊಡುವ ಆಸೆ ಬಿಡಿ, ಯಾರಾದರೂ ನಡೆದರೆ ಸಾಕು ಚಿತ್ರ ಅದುರುತ್ತದೆ. ರಾತ್ರಿ ಕಮಾನಿನ ದೀಪ ಬೇಕೆಂದರೆ ದಡದ ಕಲ್ಲುಹಾಸಿನ ಮೇಲೆ ನಿಂತೇ ತೆಗೆಯಬೇಕು.

ಅಂಕ: ದಾಟಲು ನಾಲ್ಕೂವರೆ, ನಿಂತು ನೋಡಲು ಐದು, ಆತುರದಲ್ಲಿರುವವರಿಗೆ ಎರಡು. ಆ ಎರಡೂ ಫೆರಿಯ ದಯೆಯಿಂದ.

ಕ್ರೂಸ್‌ನಲ್ಲಿ ಬರುವವರು ತಮ್ಮ ಹಡಗು ಎಲ್ಲಿ ಕಟ್ಟುತ್ತದೆ ಎಂದು ಮೊದಲೇ ಕೇಳಿಕೊಳ್ಳಿ. ರಿಫ್ ಕೋಟೆಯ ಆಚೆ, ಸಮುದ್ರಕ್ಕೇ ಚಾಚಿದ ಮೆಗಾ ಪಿಯರಿನಲ್ಲಾದರೆ ಸೇತುವೆಗೂ ಹಡಗಿಗೂ ಸಂಬಂಧವಿಲ್ಲ. ಕಾಲುವೆಯ ಒಳಗಿನ ಮಾಥಿ ವಾರ್ಫಿನಲ್ಲಾದರೆ ನಿಮ್ಮ ಹಡಗೇ ಸೇತುವೆಯನ್ನು ತೆರೆಸಿಕೊಂಡು ಒಳಬಂದಿರುತ್ತದೆ, ಹೊರಡುವಾಗಲೂ ತೆರೆಸುತ್ತದೆ. ಎರಡೂ ಓಟ್ರೊಬಾಂಡಾ ದಡದಲ್ಲೇ ಇರುವುದರಿಂದ ಪುಂಡಾದಲ್ಲಿ ಅಡ್ಡಾಡಲು ಹೋದವರು ವಾಪಸ್ ದಾಟಲೇಬೇಕು. ಹಡಗು ಹತ್ತುವ ಗಡುವಿಗೆ ಒಂದು ಗಂಟೆ ಮುಂಚೆ ಓಟ್ರೊಬಾಂಡಾ ಸೇರಿಕೊಂಡು, ಉಳಿದ ಹೊತ್ತನ್ನು ಬ್ರಿಯೋನ್ ಚೌಕದಲ್ಲೋ ರಿಫ್ ಕೋಟೆಯ ಅಂಗಡಿಗಳಲ್ಲೋ ಕಳೆಯಿರಿ.